ಮುಟ್ಟು ನಿಂತರೆ ತಟ್ಟೆ ನೋಡಿ



ನಮ್ಮ ಕಡೆಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಒಬ್ಬ ಹುಡುಗಿಗೆ ನಾಲ್ಕು ತಿಂಗಳು ಮುಟ್ಟಾಗಲಿಲ್ಲ. ಗುಸುಗುಸು ಶುರುವಾಯ್ತು. 'ಯಾವನ ಜೊತೆ ಓಡಾಡ್ತಿದ್ದೆ?' ಅಂತ ಕೇಳಿದ್ದು ಹೊರಗಿನವರಲ್ಲ, ಹಾಸ್ಟೆಲು ನೋಡಿಕೊಳ್ಳುವವರೇ. ಕೊನೆಗೆ ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರಮ್ಮ ಎಲ್ಲಾ ಪರೀಕ್ಷೆ ಮಾಡಿ ಕೇಳಿದ್ದೇ ಬೇರೆ: 'ದಿನಾ ಏನು ತಿಂತೀಯಮ್ಮ?' ತೂಕ 36 ಕೆ.ಜಿ.

ಅನ್ನ, ನೀರು ಸಾರು. ರಾತ್ರಿಗೂ ಅದೇ.

ಮೈಯಲ್ಲಿ ಕೊಬ್ಬು ಎಷ್ಟಿದೆಯೆಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಹಾರ್ಮೋನೊಂದಿದೆ, ಲೆಪ್ಟಿನ್ ಅಂತ. ಅದು ಕಮ್ಮಿಯಾದರೆ ಮಿದುಳು ಅಂಡಾಶಯಕ್ಕೆ ಕೊಡುವ ಅಪ್ಪಣೆ ತಡೆಯುತ್ತದೆ. ತನಗೇ ಕೂಳಿಲ್ಲದಾಗ ಇನ್ನೊಂದು ಜೀವ ಹೊರುವುದು ಹೇಗೆ ಎಂಬುದು ಮೈಯ ಲೆಕ್ಕ. ಮುಟ್ಟು ನಿಲ್ಲುತ್ತದೆ. ಎಳೆಯ ಹುಡುಗಿಯಾದರೆ ಮೈನೆರೆಯುವುದೇ ತಡ. ಈಸ್ಟ್ರೋಜನ್ ಸಾಲದೆ ಮೂಳೆ ಗಟ್ಟಿಯಾಗಬೇಕಾದ ವಯಸ್ಸಲ್ಲೇ ಸೊರಗುತ್ತದೆ. ಆ ಸಾಲ ತೀರಿಸುವುದು ಮುದುಕಿಯಾದಾಗ ಮುರಿಯುವ ಸೊಂಟ. ಇದನ್ನು ನಡತೆಗೆ ಗಂಟು ಹಾಕಿದವರಿಗೆ ಏನನ್ನೋಣ?

ಇನ್ನೊಂದು ಮಗ್ಗುಲೂ ಇದೆ. ಪೇಟೆ ಸೇರಿದ ನಮ್ಮ ಅಕ್ಕಂದಿರು ಬಿಳಿ ಅನ್ನ, ಟೀ, ಬನ್ನಿನಲ್ಲೇ ದಿನ ದೂಡಿ ದಪ್ಪಗಾದರೆ 'ಚೆನ್ನಾಗಿ ತಿಂದವ್ಳೆ' ಅಂತ ನಗ್ತೀವಿ. ತೂಕ ಏರಿದಾಗ ಹಲವರ ರಕ್ತದಲ್ಲಿ ಇನ್ಸುಲಿನ್ ಹೆಚ್ಚುತ್ತದೆ, ಅಂಡಾಶಯ ಗಂಡು ಹಾರ್ಮೋನನ್ನು ಅತಿಯಾಗಿ ಸುರಿಸುತ್ತದೆ, ಮುಟ್ಟು ತಪ್ಪುತ್ತದೆ, ಗದ್ದದ ಮೇಲೆ ಕೂದಲು. ಮಕ್ಕಳಾಗದಿದ್ದರೆ ಬಂಜೆಯೆಂಬ ಬಿರುದು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ತೂಕ ಸಾಲದು, 30 ಮಂದಿಗೆ ತೂಕ ಜಾಸ್ತಿ. ನಮ್ಮ ಕೇರಿಯಲ್ಲಿ ಇಬ್ಬರ ತಟ್ಟೆಯಲ್ಲೂ ಕಾಣದಿರುವುದು ಒಂದೇ: ಬೇಳೆ, ಸೊಪ್ಪು, ಮೊಟ್ಟೆ, ಮಾಂಸ.

ಮಾಂಸ ಅಂದರೆ ನಮಗೆ ದನದ್ದು. ಅಗ್ಗವಾಗಿ ಸಿಗುತ್ತಿದ್ದ ಕಬ್ಬಿಣ, ಪ್ರೋಟೀನು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ತಡೆ ಕಾಯ್ದೆ ಅದಕ್ಕೇ ಕೈ ಹಾಕಿತು. ಅದೇ ವರ್ಷ ಶಾಲೆಯಲ್ಲಿ ಮೊಟ್ಟೆ ಕೊಡಹೊರಟಾಗ ಕೆಲವು ಮಠಾಧೀಶರು ಅಡ್ಡ ನಿಂತರು. ತುಪ್ಪ ತಿನ್ನುವವರಿಗೆ ನಮ್ಮ ತಂಗಿಯರ ಮೊಟ್ಟೆ ಮೈಲಿಗೆ!

ನಾವೇನು ಸಾಚಾ? ಬಾವಿ, ಗುಡಿ, ಭೂಮಿ ಅಂತ ಪದ ಕಟ್ಟಿದೆವು. ಅವ್ವ ಎಲ್ಲರೂ ಉಂಡ ಮೇಲೆ ಪಾತ್ರೆಯ ತಳ ಕೆರೆಯುವಾಗ ನಾವು ಕೈತೊಳೆದು ಮೀಟಿಂಗಿಗೆ ಹೊರಟಿದ್ದೆವು. ಈ ಸಲದ ಹಾಸ್ಟೆಲ್ ಬೇಡಿಕೆ ಪಟ್ಟಿಯಲ್ಲಿ ಮೊದಲು ಮೊಟ್ಟೆ, ಕಾಳು, ಸೊಪ್ಪು ಬರೆಯಿರಿ. ತಿಂಗಳಿಗೊಮ್ಮೆ ತೂಕ ನೋಡಲಿ ಅಂತಲೂ ಬರೆಯಿರಿ. ಫ್ಯಾನು ಆಮೇಲೆ.

ಆ ಹುಡುಗಿ ಊರಿಗೆ ಹೋಗಿ ಮುದ್ದೆ, ಉಪ್ಸಾರು, ಕೆರೆ ಮೀನು ತಿಂದು ಐದು ಕೆ.ಜಿ. ಏರಿದಳು. ಮುಟ್ಟು ಬಂತು. ಹಾಸ್ಟೆಲಿಗೆ ಮಾತ್ರ ಅವಳು ವಾಪಸು ಬರಲಿಲ್ಲ.