ಅವರೆಗೆ ಅವರೆ ಎಂದೇ ಬರೆಯೋಣ



ಮುನಿರ್ಕಾದಲ್ಲಿ ನಮ್ಮದೊಂದು ಸಣ್ಣ ಹೋಟೆಲ್. ಡಿಸೆಂಬರ್ ಬಂತೆಂದರೆ ಅವರೆಕಾಳು ಉಪ್ಪಿಟ್ಟು, ಹಿತಕಿದ ಬೇಳೆ ಸಾರು ಬೋರ್ಡಿನ ಮೇಲೆ ಇರಲೇಬೇಕು. ಸೊಗಡಿನ ಆಸೆಗೆ ನಮ್ಮ ಜನ ಆರ್.ಕೆ. ಪುರಂನಿಂದ ಚಳಿಯಲ್ಲಿ ನಡೆದೇ ಬರುತ್ತಾರೆ. ಮೆನು ಕಾರ್ಡಿನಲ್ಲಿ ಮಾತ್ರ 'ಬ್ರಾಡ್ ಬೀನ್ಸ್' ಎಂದು ಅಚ್ಚು ಹಾಕಿಸಿದ್ದೆವು. ಎಲ್ಲರೂ ಹಾಗೆ ಬರೆಯುತ್ತಾರೆ, ನಾವೂ ಬರೆದೆವು.

ಕೆಲವು ವರ್ಷಗಳ ಹಿಂದೆ, ಫೆಬ್ರವರಿ ಕೊನೆಗೆ ಊರಿನಿಂದ ಅವರೆ ಬರುವುದು ನಿಂತಿತು. ಅಡುಗೆಯವರು ಮಂಡಿಯಲ್ಲಿ ಸಿಕ್ಕ ಬಾಕ್ಲಾ ತಂದು, ಸಿಪ್ಪೆ ಹಿತುಕಿ ಸಾರಿಗೆ ಹಾಕಿದರು. ನಮಗೆ ಗೊತ್ತಿದ್ದೂ ಸುಮ್ಮನಿದ್ದೆವು. ಅಂದು ಒಬ್ಬ ತಾಯಿ ಕಾರ್ಡ್ ಓದಿ, "ಇದು ಬಾಕ್ಲಾನಾ? ಮಗನಿಗೆ ಡಾಕ್ಟರು ಬೇಡ ಅಂದಿದ್ದಾರೆ" ಎಂದರು. ಸಪ್ಲೈಯರ್ ಹುಡುಗ, "ಇಲ್ಲಮ್ಮ, ನಮ್ಮೂರ ಅವರೆ" ಎಂದುಬಿಟ್ಟ. ಗಲ್ಲಾದಲ್ಲಿದ್ದ ನಮ್ಮ ಕಿವಿಗೆ ಬಿತ್ತು. ಓಡಿಹೋಗಿ ತಟ್ಟೆ ವಾಪಸು ತೆಗೆದುಕೊಂಡು ಕ್ಷಮೆ ಕೇಳಿದೆವು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ತಿಳಿದವರನ್ನು ಕೇಳಿದೆವು. ನಿಜವಾದ ಬ್ರಾಡ್ ಬೀನ್ಸ್ ಅಂದರೆ ಬಾಕ್ಲಾ. ಪಶ್ಚಿಮ ಏಷ್ಯಾದ ಹಳೆಯ ಬೆಳೆ. ಅಲ್ಲಿ ಸುಮಾರು 10,000 ವರ್ಷ ಹಿಂದಿನ ಕಾಳು ಸಿಕ್ಕಿದೆ. ಇಂದು ಚೀನಾ ಅತಿ ಹೆಚ್ಚು ಬೆಳೆಯುತ್ತದೆ. ಆಸ್ಟ್ರೇಲಿಯಾ, ಬ್ರಿಟನ್‌ಗಳಿಂದ ಹಡಗಿನಲ್ಲಿ ಈಜಿಪ್ಟಿಗೆ ಹೋಗುತ್ತದೆ. ಅಲ್ಲಿನವರಿಗೆ ಬೆಳಗಿನ ತಿಂಡಿಯೇ ಅದು. ಉತ್ತರ ಭಾರತದಲ್ಲಿ ಚಳಿಗಾಲದ ಬೆಳೆ. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರು ಇದನ್ನು ತಿಂದರೆ ರಕ್ತದ ಕೆಂಪು ಕಣಗಳು ಒಡೆದು, ಕಾಮಾಲೆಯಾಗಿ, ಜೀವಕ್ಕೇ ಅಪಾಯವಾಗಬಹುದು. ಕಾಳಿನಲ್ಲಿರುವ ವಿಸಿನ್, ಕಾನ್ವಿಸಿನ್ ಇದಕ್ಕೆ ಕಾರಣ. ಈ ಕೊರತೆ ಗಂಡುಮಕ್ಕಳಲ್ಲಿ ಹೆಚ್ಚು.

ನಮ್ಮ ಅವರೆಯ ಕುಲವೇ ಬೇರೆ. ಇದರ ಕಾಡುತಳಿ ಆಫ್ರಿಕಾದ್ದು. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಇದರ ಕಾಳು ಸಿಕ್ಕಿದೆಯೆಂದರೆ ನಮಗೆಷ್ಟು ಹಳೆಯ ನೆಂಟು ನೋಡಿ. ರಾಗಿ ಹೊಲದಲ್ಲಿ ಅಕ್ಕಡಿಯಾಗಿ ಬಿತ್ತಿದ ಅವರೆ, ಹಗಲು ಕಿರಿದಾದಾಗ ಹೂ ಬಿಟ್ಟು, ಇಬ್ಬನಿಯಲ್ಲಿ ಸೊಗಡು ತುಂಬಿಕೊಳ್ಳುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಬಂದಮೇಲೆ ಎಲ್ಲ ಕಾಲಕ್ಕೂ ಕಾಯಿ ಸಿಗುತ್ತದೆ. ಸೊಗಡು ಮಾತ್ರ ಚಳಿಗಾಲದ್ದೇ ಸೈ. ಇಲ್ಲಿನವರು 'ಸೇಮ್' ಎಂದು ಸಿಪ್ಪೆ ಸಮೇತ ಪಲ್ಯ ಮಾಡುವುದೂ ಇದೇ ಜಾತಿಯ ಕಾಯಿ.

ಆದ್ದರಿಂದ ಹೊರ ರಾಜ್ಯಗಳಲ್ಲಿ ವ್ಯಾಪಾರ ಮಾಡುವ ಬಾಂಧವರಲ್ಲಿ ನಮ್ಮ ಕೋರಿಕೆ ಇಷ್ಟು. ಕಾರ್ಡಿನಲ್ಲಿ 'ಅವರೆಕಾಳು' ಎಂದೇ ಬರೆಯಿರಿ. ಇಡ್ಲಿಗೆ ಇಂಗ್ಲಿಷ್ ಹೆಸರು ಬೇಕಾಗಲಿಲ್ಲ, ಇದಕ್ಕೇಕೆ? ಬಾಕ್ಲಾ ಬಳಸಿದ ದಿನ ಬಾಕ್ಲಾ ಎಂದು ಹೇಳಿ. ಗಿರಾಕಿ ಕೇಳಿದರೆ ಅಡುಗೆಮನೆಯಲ್ಲಿ ವಿಚಾರಿಸದೆ ಉತ್ತರ ಕೊಡಬಾರದೆಂದು ಹುಡುಗರಿಗೆ ತಿಳಿಸಿ. ಮದುವೆ ಆರ್ಡರ್ ಹಿಡಿಯುವವರಿಗಂತೂ ಇದು ಇನ್ನೂ ಮುಖ್ಯ. ಪಂಕ್ತಿಯಲ್ಲಿ ಕುಳಿತವರು ಕಾರ್ಡ್ ನೋಡುವುದಿಲ್ಲ, ಬಡಿಸಿದ್ದನ್ನು ನಂಬಿ ತಿನ್ನುತ್ತಾರೆ.

ಖರ್ಚು ಹೆಚ್ಚೆನ್ನುವವರು ಒಣ ಅವರೆ ತರಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿತುಕಿಸಿ. ನಾವು ಈಗ ಹಾಗೇ ಮಾಡುತ್ತಿದ್ದೇವೆ. ಸೊಗಡು ಕಡಿಮೆ, ಒಪ್ಪುತ್ತೇವೆ. ಆದರೆ ಯಾರು ಬಂದು ಕೇಳಿದರೂ ಗಲ್ಲಾದಿಂದ ಏಳಬೇಕಾಗಿಲ್ಲ.