ಪ್ರೋಬ್ ಹಿಡಿಯೋ ಮೊದಲು ತಕ್ಕಡಿ ನೋಡೋಣ

ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಆರೋಗ್ಯದ ಐಡಿಯಾಗಳಿಗೆ ಬರವಿಲ್ಲ. ಅದರಲ್ಲೊಂದು: ಪುಟ್ಟ ಅಲ್ಟ್ರಾಸೌಂಡ್ ಪ್ರೋಬನ್ನು ಮೊಬೈಲ್‌ಗೆ ಜೋಡಿಸಿ, ವಾಂತಿ-ಭೇದಿಯಾದ ಮಗುವಿನ ಮೈಯಲ್ಲಿ ನೀರು ಎಷ್ಟು ಕಡಿಮೆಯಾಗಿದೆ ಅಂತ ಹೇಳುವುದು. ಪ್ರಶ್ನೆ ದೊಡ್ಡದೇ. ಯಾವ ಮಗುವಿಗೆ ಓಆರ್‌ಎಸ್ ಸಾಕು, ಯಾವುದಕ್ಕೆ ತಕ್ಷಣ ಡ್ರಿಪ್ ಬೇಕು ಅನ್ನೋದು ತಪ್ಪಿದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಆದರೆ ಇದನ್ನು ಆಗಲೇ ಮಾಡಿ ನೋಡಿದ್ದಾರೆ. ಏನಾಯ್ತು ಅಂತ ಓದದೆ ಸಿನಾಪ್ಸಿಸ್ ಬರೆಯೋದು ಬೇಡ ಅನ್ನೋದು ನಮ್ಮ ಮಾತು.

ತತ್ವ ಸುಲಭ. ನೀರು ಕಡಿಮೆಯಾದರೆ ರಕ್ತದ ಪ್ರಮಾಣ ಇಳಿಯುತ್ತೆ. ಹೃದಯಕ್ಕೆ ರಕ್ತ ವಾಪಸ್ ತರುವ ದೊಡ್ಡ ಸಿರೆ ಐವಿಸಿಯ ಗೋಡೆ ತೆಳು, ಅದು ಕುಗ್ಗುತ್ತೆ. ಪಕ್ಕದ ಅಯೋರ್ಟಾ ಗಟ್ಟಿ, ಅಷ್ಟಾಗಿ ಬದಲಾಗಲ್ಲ. ಆರು ತಿಂಗಳ ಕೂಸಿಗೂ ನಾಲ್ಕು ವರ್ಷದ ಮಗುವಿಗೂ ನಾಳದ ಗಾತ್ರ ಒಂದೇ ಅಲ್ಲವಲ್ಲ, ಅದಕ್ಕೇ ಒಂದರ ವ್ಯಾಸವನ್ನು ಇನ್ನೊಂದರಿಂದ ಭಾಗಿಸೋದು. ನಾವು ಲ್ಯಾಬ್‌ನಲ್ಲಿ ಮಾಡೋ ನಾರ್ಮಲೈಸೇಶನ್ನೇ.

ರುವಾಂಡಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ಈ ಅನುಪಾತ ಭರವಸೆ ಹುಟ್ಟಿಸಿತು. ಆಮೇಲೆ ಢಾಕಾದ ಅತಿಸಾರ ಸಂಶೋಧನಾ ಆಸ್ಪತ್ರೆಯಲ್ಲಿ ನೂರಾರು ಮಕ್ಕಳ ಮೇಲೆ ನೋಡಿದಾಗ, ಇದನ್ನೊಂದೇ ನಂಬಿ ಚಿಕಿತ್ಸೆ ನಿರ್ಧರಿಸುವಷ್ಟು ನಿಖರತೆ ಸಿಗಲಿಲ್ಲ.

ಇದರಲ್ಲಿ ಆಶ್ಚರ್ಯವೇನಿಲ್ಲ. ಮಗು ಉಸಿರೆಳೆದರೆ ಐವಿಸಿ ಕುಗ್ಗುತ್ತೆ, ಬಿಟ್ಟರೆ ಹಿಗ್ಗುತ್ತೆ. ಅತ್ತರಂತೂ ಎದೆಯೊಳಗಿನ ಒತ್ತಡವೇ ಏರುಪೇರು. ತಣ್ಣಗಿನ ಜೆಲ್ ಹೊಟ್ಟೆಗೆ ತಾಗಿದ ಮೇಲೆ ಅಳದ ಮಗು ಎಲ್ಲಿದೆ? ಪ್ರೋಬ್ ಸ್ವಲ್ಪ ಜೋರಾಗಿ ಒತ್ತಿದರೆ ನಾಳ ಚಪ್ಪಟೆ, ಸ್ವಲ್ಪ ಓರೆಯಾದರೆ ದುಂಡಗಿದ್ದದ್ದು ಮೊಟ್ಟೆಯಾಕಾರ. ಕೆಲವೇ ಮಿಲಿಮೀಟರ್ ಅಗಲದ ನಾಳದಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಅನುಪಾತ ಎಲ್ಲಿಗೋ ಹೋಗುತ್ತೆ. ಇನ್‌ಪುಟ್ಟೇ ಹೀಗಿದ್ದರೆ ಮೇಲೆ ಎಂಥ ಮಾಡೆಲ್ ಕೂರಿಸಿ ಏನು ಪ್ರಯೋಜನ?

ಹಾಗಾದರೆ ಆ ಅಧ್ಯಯನಗಳಿಗೆ 'ಸರಿ ಉತ್ತರ' ಬಂದದ್ದು ಎಲ್ಲಿಂದ? ತಕ್ಕಡಿಯಿಂದ. ಬಂದಾಗ 9 ಕೆಜಿ ಇದ್ದ ಮಗು ಚೇತರಿಸಿಕೊಂಡಾಗ 10 ಕೆಜಿ ಆದರೆ, ತೂಕದ ಶೇ 10ರಷ್ಟು ನೀರು ಹೋಗಿತ್ತು ಅಂತ ಲೆಕ್ಕ. ತೊಂದರೆ ಏನಂದ್ರೆ, ಈ ಉತ್ತರ ಸಿಗೋದು ಚಿಕಿತ್ಸೆ ಮುಗಿದ ಮೇಲೆ.

ಢಾಕಾದಲ್ಲೇ ರೂಪುಗೊಂಡ 'ಢಾಕಾ ಸ್ಕೋರ್' ಮಾತ್ರ ನಾಲ್ಕೇ ಲಕ್ಷಣ ನೋಡುತ್ತೆ: ಮಗುವಿನ ಒಟ್ಟು ಸ್ಥಿತಿ, ಉಸಿರಾಟ, ಚಿವುಟಿ ಬಿಟ್ಟ ಚರ್ಮ ಮೊದಲಿನಂತಾಗುವ ವೇಗ, ಕಣ್ಣೀರು. ಒಟ್ಟು 12 ಅಂಕ. ಚಾರ್ಜಿಂಗ್ ಬೇಕಿಲ್ಲ!

ನಮ್ಮ ದೇಶದಲ್ಲಿ ಕಾನೂನಿನ ಮಾತೂ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಯಂತ್ರಕ್ಕೆ ನೋಂದಣಿ ಬೇಕು, ಬ್ಯಾಗಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗೋ ಹಾಗಿಲ್ಲ. ಕಾರಣ ಇದ್ದೇ ಬಂದ ಕಾನೂನು, ಬೈಯೋದು ಬೇಡ.

ಅಲ್ಟ್ರಾಸೌಂಡ್ ಮೇಲೆ ಸಂಶೋಧನೆ ನಡೆಯಲಿ, ಆಸ್ಪತ್ರೆಯಲ್ಲಿ, ಡಾಕ್ಟರ ಜೊತೆ. ಎಂಟು ತಿಂಗಳ ಪ್ರಾಜೆಕ್ಟಿಗೆ ಮಾತ್ರ ನಮಗೆ ತಕ್ಕಡಿಯೇ ಸರಿ ಅನ್ಸುತ್ತೆ. ಅಂಗನವಾಡಿಯಲ್ಲಿ ಮಗುವಿನ ತೂಕ ಬರೆದಿಡ್ತಾರೆ. ಕಾಯಿಲೆಗೆ ಮುಂಚಿನ ಆ ತೂಕ ನಂಬುವ ಹಾಗಿದ್ದು, ಕಾಯಿಲೆ ಬಿದ್ದ ದಿನ ಆರೋಗ್ಯ ಕೇಂದ್ರದವರ ಕೈಗೆ ಸಿಕ್ಕರೆ, ಡಾಕ್ಟರಿಗೆ ಒಂದು ಅಂದಾಜಾದರೂ ಸಿಗುತ್ತೆ. ಒದ್ದಾಡೋ ಮಗುವನ್ನೂ ಸರಿಯಾಗಿ ತೂಗಬೇಕು, ಬಟ್ಟೆಯ ತೂಕ ಕಳೀಬೇಕು, ತಿಂಗಳಲ್ಲಿ ಮಗು ಬೆಳೆದದ್ದನ್ನೂ ಲೆಕ್ಕ ಹಿಡೀಬೇಕು. ಲೋಡ್ ಸೆಲ್, ಫಿಲ್ಟರ್, ಕ್ಯಾಲಿಬ್ರೇಶನ್, ಎಲ್ಲಾ ನಮ್ಮ ಸಿಲಬಸ್ಸಿನದ್ದೇ. ಡೆಮೊ ದಿನ 'ಇದರಲ್ಲಿ ಎಐ ಎಲ್ಲಿ?' ಅಂತ ಪ್ಯಾನೆಲ್‌ನವರು ಕೇಳ್ತಾರೆ. ಕೇಳಲಿ ಬಿಡಿ.