ಏಣಿಯಿಂದ ಬಿದ್ದವರೆಲ್ಲ ‘ಆಯತಪ್ಪಿ’ ಬಿದ್ದವರೇ?

ಎತ್ತರದಿಂದ ಕಾರ್ಮಿಕ ಬಿದ್ದು ಸತ್ತರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ. ಅದರಲ್ಲಿ ಒಂದು ಪದ ಕಾಯಂ: ‘ಆಯತಪ್ಪಿ’. ಏಣಿಯಿಂದ ಆಯತಪ್ಪಿ ಬಿದ್ದು ಪೇಂಟರ್ ಸಾವು. ಆಯತಪ್ಪಿ ಬಿದ್ದು ಎಲೆಕ್ಟ್ರಿಷಿಯನ್‌ಗೆ ಗಾಯ. ಈ ಪದದ ಮೇಲೆ ನನಗೆ ತಕರಾರಿದೆ. ತಪ್ಪೆಲ್ಲ ಬಿದ್ದವನ ಕಾಲಿನದ್ದೇ ಎಂದು ಅದು ತನಿಖೆಗೂ ಮೊದಲೇ ತೀರ್ಪು ಕೊಟ್ಟುಬಿಡುತ್ತೆ.

ಏಣಿ ಜಾರೋದಕ್ಕೆ ಕಾರಣಗಳಿವೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಏಣಿಯ ಬುಡ ಗೋಡೆಯಿಂದ ದೂರ ಇರಬೇಕು. ತುದಿಯನ್ನು ಕಟ್ಟಬೇಕು, ಆಗದಿದ್ದರೆ ಕೆಳಗೆ ಒಬ್ಬರು ಹಿಡಿದು ನಿಲ್ಲಬೇಕು. ಟೆರೇಸ್ ಹತ್ತುವ ಏಣಿ ಅಂಚಿಗಿಂತ ಒಂದು ಮೀಟರ್ ಮೇಲೆ ಚಾಚಿರಬೇಕು. ಕರೆಂಟ್ ತಂತಿ ಹತ್ತಿರ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ. ಮರದ ಏಣಿಗೆ ಬಣ್ಣ ಬಳಿಯಬಾರದು, ಬಿರುಕು ಮುಚ್ಚಿಹೋಗುತ್ತೆ. ನಮ್ಮ ಪೇಂಟರ್‌ಗಳ ಏಣಿಗಳನ್ನು ನೋಡಿ: ವರ್ಷಗಟ್ಟಲೆ ಮೆತ್ತಿದ ಬಣ್ಣ, ಮುರಿದ ಮೆಟ್ಟಿಲಿಗೆ ಸುತ್ತಿದ ತಂತಿ.

ಇದೆಲ್ಲ ಅವರಿಗೆ ಗೊತ್ತಿಲ್ಲ ಅಂತಲ್ಲ. ಏಣಿ ಹಿಡಿಯೋಕೆ ಇನ್ನೊಬ್ಬ ಬೇಕು ಅಂದರೆ ಇನ್ನೊಂದು ಕೂಲಿ. ಮುರಿದದ್ದು ಬಿಸಾಡಿ ಹೊಸದು ತರೋದು ಯಾರ ಖರ್ಚಿನಲ್ಲಿ? ಮೇಸ್ತ್ರಿ ಮಾಲೀಕನ ಕಡೆ ನೋಡ್ತಾನೆ, ಮಾಲೀಕ ಮೇಸ್ತ್ರಿ ಕಡೆ. ‘ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊ’ ಅನ್ನುವಲ್ಲಿಗೆ ಮಾತು ಮುಗಿಯುತ್ತೆ. ಬೇಡ ಅಂದವನಿಗೆ ನಾಳೆ ಕೆಲಸ ಇರಲ್ಲ.

ಹಾಗಾದರೆ ಕಾನೂನು? ಕಾಗದದ ಮೇಲೆ ಬೇಕಾದಷ್ಟಿದೆ. ಏಣಿಗಳಿಗೆಂದೇ ಭಾರತೀಯ ಮಾನಕ ಇದೆ, ಐಎಸ್ 3696 ಭಾಗ 2. ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳಲ್ಲಿ ಏಣಿಗೇ ಒಂದು ಅಧ್ಯಾಯವಿದೆ. ಆದರೆ 1996ರ ಮೂಲ ಕಾಯ್ದೆ ಅನ್ವಯಿಸಿದ್ದೇ 10 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ. ಸ್ವಂತ ಮನೆಯ ಕೆಲಸಕ್ಕೆ 10 ಲಕ್ಷ ರೂಪಾಯಿವರೆಗೆ ವಿನಾಯಿತಿಯೂ ಇತ್ತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಇದನ್ನು ಸರಿಪಡಿಸಬಹುದಿತ್ತು. ಅದು 10 ಜನರ ಗೆರೆಯನ್ನು ಹಾಗೇ ಉಳಿಸಿ, ವಿನಾಯಿತಿಯನ್ನು 50 ಲಕ್ಷಕ್ಕೆ ಏರಿಸಿತು. ಇನ್‌ಸ್ಪೆಕ್ಟರ್ ಈಗ ‘ಇನ್‌ಸ್ಪೆಕ್ಟರ್-ಕಂ-ಫೆಸಿಲಿಟೇಟರ್’. ಇಬ್ಬರು ಪೇಂಟರ್, ಒಬ್ಬ ಪ್ಲಂಬರ್ ಇರುವ ನಮ್ಮ ಬೀದಿಯ ಮನೆಗೆ ಈ ಫೆಸಿಲಿಟೇಟರ್ ಬರುವ ದಾರಿಯೇ ಇಲ್ಲ. ಏಣಿ ಹೆಚ್ಚು ಬಳಕೆಯಾಗೋದು ಇಂಥ ಸಣ್ಣ ಕೆಲಸಗಳಲ್ಲೇ. ಅಟ್ಟ ಹತ್ತಿಸಿ ಏಣಿ ತೆಗೆಯೋದು ಅಂದರೆ ಇದೇ.

‘ಸಣ್ಣ ಮನೆ ಕಟ್ಟುವ ಮಧ್ಯಮ ವರ್ಗದವರನ್ನು ಕಾನೂನಿಗೆ ಸಿಕ್ಕಿಸಬೇಕಾ?’ ಎಂಬ ಪ್ರಶ್ನೆ ಬರುತ್ತೆ, ನ್ಯಾಯವಾದದ್ದೇ. ಮನೆ ಕಟ್ಟುವವರಿಗೆ ರಿಜಿಸ್ಟರ್, ರಿಟರ್ನ್ಸ್‌ಗಳ ತಲೆನೋವು ಬೇಡ. ಆದರೆ 40 ಲಕ್ಷ ಹಾಕಿ ಮನೆ ಕಟ್ಟುವವರಿಗೆ ಒಂದು ಗಟ್ಟಿ ಏಣಿ, ಅದನ್ನು ಹಿಡಿಯಲು ಒಬ್ಬ ಆಳು ಭಾರವಾಗಲ್ಲ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೆಸ್ ಹಣ ಬರುತ್ತೆ. ನೋಂದಾಯಿತ ಪೇಂಟರ್, ಎಲೆಕ್ಟ್ರಿಷಿಯನ್‌ಗಳಿಗೆ ಪ್ರಮಾಣಿತ ಏಣಿ ಕೊಡಲಿ, ಹಳೆಯದನ್ನು ಪರೀಕ್ಷಿಸುವ ವ್ಯವಸ್ಥೆ ವಾರ್ಡ್ ಮಟ್ಟದಲ್ಲಿ ಮಾಡಲಿ. ಸುರಕ್ಷತೆಯ ಹೊಣೆಗೆ ಮಾತ್ರ ತಲೆಎಣಿಕೆ ಬೇಡ. ಒಬ್ಬನೇ ಕಾರ್ಮಿಕನಿದ್ದರೂ ಅದು ಕೆಲಸ ಕೊಟ್ಟವರದ್ದೇ ಆಗಲಿ.

ಅಲ್ಲಿಯವರೆಗೆ ಪತ್ರಕರ್ತ ಗೆಳೆಯರು ಒಂದು ಕೆಲಸ ಮಾಡಬಹುದು. ‘ಆಯತಪ್ಪಿ’ ಅಂತ ಟೈಪ್ ಮಾಡುವ ಮುನ್ನ ಕೇಳಿ: ಏಣಿ ಯಾರದ್ದಿತ್ತು, ಕೆಳಗೆ ಹಿಡಿಯಲು ಯಾರಿದ್ದರು?